ಅಚ್ಚಿಗೆ ಒಗ್ಗಿದ ಅರಿವೆ

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತಾರೆ, ನಾಟಕಕ್ಕೆ ಬರೆಯುತ್ತಾರೆ, ಸಂಗೀತ ಕಚೇರಿಗೂ ಬರೆಯುತ್ತಾರೆ. ಹೊದೆಯುವ ಕೌದಿಗೆ ಯಾರಾದರೂ ವಿಮರ್ಶೆ ಬರೆದದ್ದನ್ನು ನಾನು ಓದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಹೊಲಿದವಳ ಹೆಸರು ಕೌದಿಯ ಮೇಲೆ ಇರುವುದಿಲ್ಲ. ಅದಕ್ಕೆ ಬಿಡುಗಡೆ ಸಮಾರಂಭವಿಲ್ಲ. ಹಾಸಿದ ಮೇಲೆ ಮಲಗಿಬಿಡುತ್ತೇವೆ, ನೋಡುತ್ತ ಕೂಡುವುದಿಲ್ಲ. ಹಾಗೆಂದು ನಮ್ಮ ಕಡೆಯ ಹೆಂಗಸರು ಒಬ್ಬರ ಕೌದಿಯನ್ನು ಇನ್ನೊಬ್ಬರು ವಿಮರ್ಶಿಸದೆ ಬಿಟ್ಟವರೇನೂ ಅಲ್ಲ. ಬಿಸಿಲಿಗೆ ಹಾಕಿದ ಕೌದಿಯ ಮುಂದೆ ನಿಂತು, "ಹೊಲಿಗಿ ಛಲೋ ಬಂದಾವ, ಬಣ್ಣ ಹೊಂದಿಲ್ಲ ನೋಡ್ರಿ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಮುಂದೆ ಸಾಗುವವರು ಪ್ರತಿಯೊಂದು ಓಣಿಯಲ್ಲಿಯೂ ಸಿಗುತ್ತಾರೆ. ಓಣಿಯ ಆ ಅಳತೆಗೋಲನ್ನೇ ಹಿಡಿದುಕೊಂಡು, ಈಚೆಗೆ ನಾನು ಹತ್ತಿರದಿಂದ ಕಂಡ ಒಂದು ಯಂತ್ರವನ್ನೂ ಅದರಿಂದ ಹುಟ್ಟುವ ಹೊದಿಕೆಯನ್ನೂ ಇಲ್ಲಿ ಪರೀಕ್ಷಿಸಬೇಕೆಂದಿದ್ದೇನೆ.

ಯಂತ್ರವೆಂದರೆ ಅರಿವೆಯನ್ನು ಅಚ್ಚಿನಿಂದ ಕತ್ತರಿಸುವ ಯಂತ್ರ. ಅದರ ಕೆಲಸ ಹೇಳಲು ಬಹಳ ಸುಲಭ. ಉಕ್ಕಿನ ತೆಳು ಪಟ್ಟಿಯ ಅಲಗನ್ನು ಚೌಕವಾಗಿಯೋ ತ್ರಿಕೋನವಾಗಿಯೋ ಹೂವಿನಂತೆಯೋ ಬಗ್ಗಿಸಿ ಒಂದು ಹಲಗೆಯಲ್ಲಿ ನೆಟ್ಟಿರುತ್ತಾರೆ. ಅಲಗಿನ ಸುತ್ತ ಸ್ಪಂಜು ತುಂಬಿರುವುದರಿಂದ ಬೆರಳಿಗೆ ಅದು ತಾಗುವುದಿಲ್ಲ. ಇದು ಅಚ್ಚು. ಅಚ್ಚಿನ ಮೇಲೆ ಅರಿವೆ, ಅರಿವೆಯ ಮೇಲೆ ಪ್ಲಾಸ್ಟಿಕ್ಕಿನ ಒಂದು ಹಾಳೆ. ಮೂರನ್ನೂ ಕೂಡಿಸಿ ಎರಡು ಉರುಳೆಗಳ ನಡುವೆ ತೂರಿಸಿ ಹಿಡಿಕೆ ತಿರುವಿದರೆ ಸ್ಪಂಜು ಒತ್ತಿಹೋಗಿ ಅಲಗು ಮೇಲೆದ್ದು ಅರಿವೆಯನ್ನು ಕತ್ತರಿಸುತ್ತದೆ. ಆಚೆ ಬದಿಗೆ ಬರುವಾಗ ಚೌಕ ಸಿದ್ಧ. ಚಪ್ಪಲಿಯ ಚರ್ಮ, ರಟ್ಟಿನ ಡಬ್ಬಿ ಕತ್ತರಿಸುವ ಕಾರ್ಖಾನೆಗಳಲ್ಲಿ ಇಂಥ ಅಚ್ಚುಗಳು ಬಹಳ ಕಾಲದಿಂದ ಇವೆ. ಮನೆಯ ಮೇಜಿನ ಮೇಲೆ ಕೂಡುವಷ್ಟು ಅದನ್ನು ಚಿಕ್ಕದು ಮಾಡಿದ್ದಷ್ಟೇ ಹೊಸದು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿರುವ ಅಕ್ಯುಕ್ವಿಲ್ಟ್ ಕಂಪನಿ ಹೊದಿಕೆ ಹೊಲಿಯುವವರಿಗೆಂದೇ ಇಂಥವನ್ನು ತಯಾರಿಸುತ್ತದೆ. ಹತ್ತಿ ಅರಿವೆಯಾದರೆ ಒಮ್ಮೆಗೆ ಆರು ಪದರು ಕತ್ತರಿಸಬಹುದು. ಈ ಆರು ಪದರಿನ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕು. ನನ್ನ ತಕರಾರೆಲ್ಲ ಅಲ್ಲಿಯೇ ಇದೆ.

ಶಾಲೆಯ ಮಾಸ್ತರಿಣಿಯಾದ ನನಗೆ ಈ ಯಂತ್ರದ ಇನ್ನೊಂದು ಸಂಬಂಧ ಕುತೂಹಲ ಹುಟ್ಟಿಸಿತು. ಹೊಲಿಗೆಯ ಕೋಣೆಗೆ ಬರುವ ಮೊದಲೇ ಇದು ಅಮೆರಿಕದ ಶಾಲೆಗಳಲ್ಲಿತ್ತು. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಎಲಿಸನ್ ಎಂಬ ಕಂಪನಿ ಶಾಲೆಗಳ ಗೋಡೆಗೆ ಅಂಟಿಸುವ ಕಾಗದದ ಅಕ್ಷರಗಳನ್ನು ಕತ್ತರಿಸಿಕೊಡುವ ಯಂತ್ರವನ್ನು ಮಾರುತ್ತಿತ್ತು. ಗಣರಾಜ್ಯೋತ್ಸವದ ಹಿಂದಿನ ಸಂಜೆ ಬಣ್ಣದ ಹಾಳೆಯಲ್ಲಿ 'ಸುಸ್ವಾಗತ' ಕತ್ತರಿಸಿ ಹೆಬ್ಬೆರಳಿನಲ್ಲಿ ಬೊಬ್ಬೆ ಎಬ್ಬಿಸಿಕೊಂಡ ಯಾವ ಶಿಕ್ಷಕಿಗೂ ಆ ಯಂತ್ರದ ಬಗ್ಗೆ ಹೊಟ್ಟೆಕಿಚ್ಚಾಗದೆ ಇರದು. ಇಂಗ್ಲಿಷಿಗೆ ಇಪ್ಪತ್ತಾರು ಅಚ್ಚು ಇದ್ದರೆ ಶಾಲೆಯ ಗೋಡೆ ತುಂಬುತ್ತದೆ. ನಮ್ಮ ಕಾಗುಣಿತ, ಒತ್ತಕ್ಷರಗಳಿಗೆ ಎಷ್ಟು ಅಚ್ಚು ಬೇಕಾದೀತು ಎಂದು ಲೆಕ್ಕ ಹಾಕಲು ಹೋಗಿ ನಾನು ಕೈಬಿಟ್ಟೆ. ಆಗ ಹೊಳೆದದ್ದು ಇಷ್ಟು: ಒಂದೇ ಆಕಾರ ಮತ್ತೆ ಮತ್ತೆ ಬೇಕಾದಲ್ಲಿ ಅಚ್ಚು ಉಪಕಾರಿ, ಆಕಾರ ಬದಲಾಗುತ್ತ ಹೋಗುವಲ್ಲಿ ಕತ್ತರಿಯೇ ಗತಿ. ಹಾಗಾದರೆ ಹೊದಿಕೆಗೆ ಒಂದೇ ಆಕಾರ ಮತ್ತೆ ಮತ್ತೆ ಬೇಕೆ?

ಅಮೆರಿಕದವರ ಹೊದಿಕೆಗೆ ಬೇಕು. ಅವರಲ್ಲಿ ಬಹುಪಾಲು ಮೊದಲು ತುಂಡಿಗೆ ತುಂಡು ಕೂಡಿಸಿ ಹೊಲಿದು ಮೇಲ್ಭಾಗವನ್ನು ತಯಾರಿಸುತ್ತಾರೆ. ಆಮೇಲೆ ಹತ್ತಿಯ ಪದರು, ಅಡಿಯ ಅರಿವೆ ಕೂಡಿಸಿ ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ತುಂಡಿನ ನಾಲ್ಕೂ ಬದಿಗೆ ಕಾಲು ಇಂಚು ಹೊಲಿಗೆಯ ಅಂಚು ಬಿಡಬೇಕು. ಐದು ಅಡಿ ಅಗಲ, ಏಳು ಅಡಿ ಉದ್ದದ ಹೊದಿಕೆಗೆ, ಹೊಲಿದ ಮೇಲೆ ನಾಲ್ಕು ಇಂಚು ಕಾಣುವ ಚೌಕಗಳಾದರೆ, ಅಡ್ಡಕ್ಕೆ 15, ಉದ್ದಕ್ಕೆ 21, ಒಟ್ಟು 315 ಚೌಕಗಳು. ಒಂದೊಂದು ಚೌಕದಲ್ಲಿ ಇಂಚಿನ ಹದಿನಾರನೆಯ ಒಂದು ಪಾಲು ತಪ್ಪಿದರೂ ಹದಿನೈದು ಚೌಕ ದಾಟುವುದರೊಳಗೆ ಸುಮಾರು ಒಂದು ಇಂಚು ಏರುಪೇರಾಗುತ್ತದೆ. ಸಾಲಿಗೆ ಸಾಲು ಕೂಡುವುದಿಲ್ಲ, ಮೂಲೆ ಮೂಲೆಗೆ ಸೇರುವುದಿಲ್ಲ. ಆದ್ದರಿಂದ ಆ ಹೆಂಗಸರಿಗೆ ಕರಾರುವಾಕ್ಕಾದ ಕತ್ತರಿಕೆ ಷೋಕಿಯ ಮಾತಲ್ಲ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಚಕ್ರದಂತೆ ಉರುಳುವ ಕತ್ತಿಯನ್ನು ತಂದಾಗ ಅವರು ಅದನ್ನು ಸಂತೋಷದಿಂದ ಬರಮಾಡಿಕೊಂಡರು. ಅಚ್ಚಿನ ಯಂತ್ರ ಅದೇ ದಾರಿಯ ಮುಂದಿನ ಹೆಜ್ಜೆ.

ನಮ್ಮ ಕೌದಿಯ ನಡಿಗೆಯೇ ಬೇರೆ. ಹಳೆಯ ಧೋತರವನ್ನೋ ಸೀರೆಯನ್ನೋ ಪದರು ಪದರಾಗಿ ಹಾಸಿ, ಅದರ ಮೇಲೆ ತುಂಡುಗಳನ್ನಿಟ್ಟು, ಅಂಚು ಒಳಕ್ಕೆ ಮಡಚಿ, ಎಲ್ಲ ಪದರುಗಳನ್ನೂ ಹಿಡಿದು ಒಂದೇ ಸಲಕ್ಕೆ ದಾರ ಎಳೆಯುತ್ತೇವೆ. ಒಂದು ತುಂಡು ಅರ್ಧ ಇಂಚು ಹೆಚ್ಚಾದರೆ ಪಕ್ಕದ ತುಂಡಿನ ಮೇಲೆ ಸರಿಯುತ್ತದೆ. ಕಡಿಮೆಯಾದರೆ ನಡುವೆ ಇನ್ನೊಂದು ಚೂರು ಬರುತ್ತದೆ. ತಪ್ಪು ಕೂಡುತ್ತ ಹೋಗುವುದಿಲ್ಲ, ಅಲ್ಲಲ್ಲೇ ತೀರಿಹೋಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕವಂದಿಯೂ ಹೀಗೆಯೇ. ಅವರು ಅಂಚಿನಿಂದ ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಅರಿವೆಯ 'ಫುಲ' ಇಡದೆ ಕೆಲಸ ಮುಗಿಯಿತೆನ್ನುವುದಿಲ್ಲ. ಅಳತೆಪಟ್ಟಿ ಇಲ್ಲದ ಈ ಕೆಲಸವೇ 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಪ್ರದರ್ಶನದಲ್ಲಿ ಗೋಡೆ ಏರಿತು. ನಮ್ಮ ಹೊಲಿಗೆಯಲ್ಲಿ ಕಣ್ಣಳತೆಯೇ ಅಳತೆ. ಆದ್ದರಿಂದ ಅಚ್ಚಿನ ಯಂತ್ರ ನಮ್ಮಲ್ಲಿಗೆ ಬಂದಾಗ, ನಮಗಿಲ್ಲದ ರೋಗಕ್ಕೆ ಔಷಧ ತಂದಂತೆ ಎಂದು ಮೊದಲಿಗೆ ನನಗೆ ಕಂಡಿತು.

ಬಂದದ್ದು ಹೇಗೆಂದರೆ, ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ರಜೆಗೆ ಬರುವಾಗ ಸಣ್ಣದೊಂದು ಕೈಯಂತ್ರವನ್ನೂ ಎರಡು ಚೌಕಗಳ ಒಂದು ಅಚ್ಚನ್ನೂ ಹೊತ್ತು ತಂದಳು. ಅವಳು ತಂದದ್ದು ನನ್ನ ಅವ್ವನಿಗಾಗಿ. ಅವ್ವನಿಗೆ ಈಗ ಎಪ್ಪತ್ತೆಂಟು. ಸಂಧಿವಾತದಿಂದ ಬೆರಳುಗಳು ಡೊಂಕಾಗಿವೆ. ಸೂಜಿ ಹೇಗೋ ಹಿಡಿಯುತ್ತಾಳೆ. ಕತ್ತರಿಯ ಬಾಯಿ ತೆರೆದು ಮುಚ್ಚುವುದು ಆಗದು. ನಾಲ್ಕು ವರ್ಷದ ಹಿಂದೆ ತನ್ನ ದೊಡ್ಡ ಕತ್ತರಿಯನ್ನು ಓಣಿಯ ಸಿಂಪಿಗಿತ್ತಿಗೆ ಕೊಟ್ಟುಬಿಟ್ಟಿದ್ದಳು. ಟ್ರಂಕಿನಲ್ಲಿ ಮಾತ್ರ ಕೌದಿಗೆಂದು ಎತ್ತಿಟ್ಟ ಹಳೆಯ ಸೀರೆಗಳು ಹಾಗೆಯೇ ಇದ್ದವು. "ನಾ ಹೋದ ಮ್ಯಾಲ ಯಾರಿಗರೆ ಕೊಡ್ರಿ" ಎನ್ನುತ್ತಿದ್ದಳು. ಹೊಲಿಗೆ ಬಿಟ್ಟ ಮೇಲೆ ಮಧ್ಯಾಹ್ನಗಳು ಆಕೆಗೆ ಎಷ್ಟು ಉದ್ದವಾಗಿದ್ದವೆಂಬುದನ್ನು ಮನೆಯವರೆಲ್ಲ ಕಂಡಿದ್ದೆವು. ಹೀಗಾಗಿ ಈ ಯಂತ್ರದ ಪರೀಕ್ಷೆ ನನಗೆ ಬರಿಯ ಕಲೆಯ ಪ್ರಶ್ನೆಯಾಗಿ ಉಳಿಯಲಿಲ್ಲ.

ಮೇಜಿನ ಮೇಲೆ ಇಟ್ಟ ಯಂತ್ರವನ್ನು ನೋಡಿ ಅವ್ವ, "ಏನವಾ ಇದು, ಶಾವಿಗಿ ಯಂತ್ರ ಇದ್ದಂಗ ಐತಲ್ಲ?" ಎಂದಳು. ಹಿಡಿಕೆಯನ್ನು ಬೆರಳಿನಿಂದ ಹಿಡಿಯಬೇಕಿಲ್ಲ, ಅಂಗೈಯಿಂದ ತಳ್ಳಿದರೆ ಸಾಕು ಎಂದು ತಿಳಿದಾಗ ಮುಖ ಅರಳಿತು.

ಯಂತ್ರದ ಪದ್ಧತಿಯಂತೆ ಮೊಮ್ಮಗಳು ಆರು ಪದರು ಹಾಕಿದಳು. ಲೆಕ್ಕ ಚೊಕ್ಕವಾಗಿತ್ತು: ಅಚ್ಚಿನಲ್ಲಿ ಎರಡು ಚೌಕ, ಆರು ಪದರು, ಒಂದು ಸಲ ತಿರುವಿದರೆ ಹನ್ನೆರಡು ಚೌಕ, ಇಪ್ಪತ್ತೇಳು ಸಲದಲ್ಲಿ ಇಡೀ ಕೌದಿಯ ಕತ್ತರಿಕೆ ಮುಗಿದಂತೆ. ಹಳೆಯ ಮೆತ್ತನೆಯ ಸೀರೆ ಅಚ್ಚಿನ ಮೇಲೆ ಸರಿಯುತ್ತಿತ್ತು, ಅಲ್ಲಲ್ಲಿ ಒಂದೆರಡು ಎಳೆ ಕತ್ತರಿಸದೆ ಉಳಿಯುತ್ತಿತ್ತು. "ಗಂಜಿ ಹಾಕಿ ಇಸ್ತ್ರಿ ಮಾಡ್ರಿ, ನಿಲ್ಲತೈತಿ" ಎಂದು ಅವ್ವ ಉಪಾಯ ಹೇಳಿದಳು; ಗಂಜಿ ಕುಡಿದ ಅರಿವೆ ಚೆನ್ನಾಗಿಯೇ ಕತ್ತರಿಸಿತು. ಆದರೆ ಮೊದಲ ಕಟ್ಟನ್ನು ಬಿಡಿಸಿ ಒಂದೊಂದೇ ಚೌಕವನ್ನು ತೊಡೆಯ ಮೇಲೆ ಹರವಿದಾಗ ಅವ್ವ ಸುಮ್ಮನಾದಳು. ಕೆಳಗಿನ ಪದರುಗಳಲ್ಲಿ ಇಲಕಲ್ಲ ಸೀರೆಯ ಟೋಪ್ ತೆನಿ ಸೆರಗು ಇತ್ತು. ತೆನಿಯ ತಲೆ ಒಂದು ಚೌಕದಲ್ಲಿ, ಬುಡ ಇನ್ನೊಂದರಲ್ಲಿ. ಇನ್ನೊಂದು ಪದರಿನಲ್ಲಿ ಸವೆದು ಜಾಳಾದ ಭಾಗ ನಡುವಿಗೇ ಬಂದಿತ್ತು. ಅದರ ಪಕ್ಕದ ಗಟ್ಟಿ ಅರಿವೆ ಚೂರಾಗಿ ಹೊರಗೆ ಬಿದ್ದಿತ್ತು. "ಇದಕ್ಕ ಕಣ್ಣಿಲ್ಲವಾ" ಎಂದಳು ಅವ್ವ.

ಈ ಮಾತನ್ನು ವಿಮರ್ಶೆಯ ಭಾಷೆಗೆ ತಿರುಗಿಸುವುದಾದರೆ ಹೀಗೆ ಹೇಳಬಹುದು. ಕೌದಿ ಹೊಲಿಯುವವಳು ಅರಿವೆಯನ್ನು ಮೊದಲು ಓದುತ್ತಾಳೆ. ಎಲ್ಲಿ ಸವೆದಿದೆ, ಎಲ್ಲಿ ಗಟ್ಟಿ ಇದೆ, ಎಲ್ಲಿ ಕಲೆ ಬಿದ್ದಿದೆ, ಎಲ್ಲಿ ಹೂವಿದೆ ಎಂಬುದನ್ನು ನೋಡಿ ಆಮೇಲೆ ಆಕಾರ ನಿರ್ಧರಿಸುತ್ತಾಳೆ. ಗಟ್ಟಿಯಾದ ದಡಿ ಹೊದಿಕೆಯ ಅಂಚಿಗೆ ಹೋಗುತ್ತದೆ, ಏಕೆಂದರೆ ಕೈ ಹಿಡಿದು ಎಳೆಯುವುದು ಅಲ್ಲಿ. ಜೀರ್ಣವಾದದ್ದು ಒಳಪದರಕ್ಕೆ ಹೋಗುತ್ತದೆ. ಚಂದದ್ದು ಎದೆಯ ಮೇಲೆ ಬರುವಲ್ಲಿ ಕೂಡುತ್ತದೆ. ಅಚ್ಚಿನಲ್ಲಿ ಆಕಾರ ಮೊದಲೇ ನಿಂತಿದೆ. ಅರಿವೆ ಅದಕ್ಕೆ ಒಗ್ಗಬೇಕು. ಆ ಆಕಾರವೂ ಹೊಲಿಯುವವಳದಲ್ಲ, ಅಂಗಡಿಯಲ್ಲಿ ಕೊಂಡದ್ದು. ಚೌಕಕ್ಕೆ ಒಂದು ಅಚ್ಚು, ತ್ರಿಕೋನಕ್ಕೆ ಇನ್ನೊಂದು. ಯಂತ್ರ ಒಮ್ಮೆ ಕೊಂಡರೆ ಮುಗಿಯಿತು, ಅಚ್ಚು ಕೊಳ್ಳುವುದು ಮುಗಿಯುವುದಿಲ್ಲ. ಹೊಸ ಅರಿವೆಯ ಥಾನಿಗೆ ಇದರಿಂದ ನಷ್ಟವಿಲ್ಲ. ಅದು ಈ ತುದಿಯಿಂದ ಆ ತುದಿಗೆ ಒಂದೇ ತೆರ. ಮೂವತ್ತು ವರ್ಷ ಉಟ್ಟ ಸೀರೆಯಲ್ಲಿ ಒಂದು ಗೇಣಿನಂತೆ ಇನ್ನೊಂದು ಗೇಣಿರುವುದಿಲ್ಲ.

ಇದರ ಜೊತೆಗೆ ವ್ಯರ್ಥದ ಲೆಕ್ಕವೂ ಇದೆ. ನಾಲ್ಕೂವರೆ ಇಂಚಿನ ಚೌಕ ಹೊಲಿದ ಮೇಲೆ ನಾಲ್ಕು ಇಂಚಾಗಿ ಕಾಣುತ್ತದೆಂದರೆ, ಅರಿವೆಯ ಐದನೆಯ ಒಂದು ಪಾಲು ಹೊಲಿಗೆಯ ಒಳಗೇ ಅಡಗಿತು. ಚೌಕದ ಹೊರಗೆ ಉಳಿಯುವ ಪಟ್ಟಿಗಳು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯ ಊರಿನಲ್ಲಿ ಅರಿವೆ ಇದ್ದಷ್ಟು ಕೌದಿ ಎಂಬುದೇ ನಿಯಮ.

ಇಷ್ಟಕ್ಕೆ ನಿಲ್ಲಿಸಿ ಯಂತ್ರಕ್ಕೆ ಛೀಮಾರಿ ಹಾಕಿದ್ದರೆ ಈ ಲೇಖನ ಸುಲಭವಾಗಿ ಮುಗಿಯುತ್ತಿತ್ತು. ಹಾಗೆ ಮಾಡಲು ಎರಡು ಸಂಗತಿಗಳು ಬಿಡಲಿಲ್ಲ. ಒಂದು ಅಮೆರಿಕದ್ದು, ಒಂದು ನಮ್ಮ ಮನೆಯದು.

ಅಲಬಾಮಾ ರಾಜ್ಯದಲ್ಲಿ ನದಿಯ ಬಾಗಿನಲ್ಲಿರುವ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಹೊದಿಕೆಗಳನ್ನು ನಾನು ಚಿತ್ರಗಳಲ್ಲಿ ನೋಡಿದ್ದೇನೆ. ಅವರು ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು. ಹೊಲದ ಕೆಲಸಕ್ಕೆ ತೊಟ್ಟು ಸವೆದ ಪ್ಯಾಂಟು, ಅಂಗಿಗಳನ್ನು ಹರಿದು, ಅಚ್ಚು ಅಳತೆ ಇಲ್ಲದೆ, ಮೊಣಕಾಲು ತೇಯ್ದ ಗುರುತು, ಜೇಬು ಕಿತ್ತ ಗುರುತು ಹಾಗೆಯೇ ಕಾಣುವಂತೆ ಅವರು ಹೊಲಿದರು. ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದ ಕಪ್ಪು ಜನ ಕೆಲಸ, ಮನೆ ಕಳೆದುಕೊಳ್ಳುತ್ತಿದ್ದ ಆ ಕಾಲದಲ್ಲಿ, 1962ರಲ್ಲಿ, ಊರಿಗಿದ್ದ ಹಡಗಿನ ದಾಟು ಕೂಡ ನಿಂತುಹೋಯಿತು. ಮತ್ತೆ ಶುರುವಾದದ್ದು 2006ರಲ್ಲಿ. 1966ರಲ್ಲಿ ಆ ಸೀಮೆಯ ಹೆಂಗಸರು ಸೇರಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿದರು. ನಗರದ ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂತು. ಅಂಗಡಿಯವರಿಗೆ ಬೇಕಾದದ್ದು ಒಂದರಂತೆ ಇನ್ನೊಂದು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ಅರಿವೆಯ ದಿಂಬಿನ ಕವರು ಹೊಲಿದುಕೊಡುವ ಒಪ್ಪಂದವಾಯಿತು. ಎಲ್ಲ ಒಂದೇ ಅಳತೆ, ಒಂದೇ ಹೊಲಿಗೆ. ಮನಸ್ಸಿಗೆ ಬಂದಂತೆ ಕತ್ತರಿಸಲು ಅಲ್ಲಿ ಎಡೆಯಿರಲಿಲ್ಲ. ಆದರೆ ಸಂಜೆ ಮನೆಗೆ ಹೋಗುವಾಗ ಕತ್ತರಿಸಿ ಉಳಿದ ಕಾರ್ಡುರಾಯ್ ಚೂರುಗಳು ಅವರ ಮನೆಗೆ ಹೋದವು. ಆ ಚೂರುಗಳಿಂದ ಅವರು ತಮಗಾಗಿ, ತಮ್ಮ ಮಕ್ಕಳಿಗಾಗಿ ಹೊದಿಕೆ ಹೊಲಿದರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಆರಂಭವಾಗಿ ನ್ಯೂಯಾರ್ಕಿನ ವಿಟ್ನಿಗೂ ಹೋದ ಪ್ರದರ್ಶನದಲ್ಲಿ ಜನ ನಿಂತು ನೋಡಿದ ಹೊದಿಕೆಗಳಲ್ಲಿ ಇಂಥವೂ ಇದ್ದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಗೀಸ್ ಬೆಂಡಿನ ಹೊದಿಕೆಗಳ ಹತ್ತು ಅಂಚೆಚೀಟಿಗಳನ್ನು ತಂದಿತು.

ಈ ಕಥೆಯಿಂದ ಎರಡು ಪಾಠ ಕಲಿಯಬೇಕು. ಒಂದನ್ನೇ ಕಲಿತರೆ ಅನ್ಯಾಯವಾಗುತ್ತದೆ. ಒಂದೇ ಅಳತೆಯ ಕೆಲಸ ಆ ಹೆಂಗಸರ ಕೈಗೆ ದುಡ್ಡು ಕೊಟ್ಟಿತು. ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದವರಿಗೆ ಅದು ಸಣ್ಣ ಮಾತಲ್ಲ. ನಮ್ಮಲ್ಲಿಯೂ ಕೌದಿ ಹೊಲಿದು ಮಾರುವ ಸ್ವಸಹಾಯ ಸಂಘದ ಹೆಂಗಸಿಗೆ ಕೌದಿಗೆ ಇಂತಿಷ್ಟು ಎಂದು ಕೂಲಿ ಸಿಗುವುದಾದರೆ, ಕತ್ತರಿಕೆಯ ಎರಡು ದಿನ ಉಳಿಸುವ ಯಂತ್ರವನ್ನು ಅವಳು ಬೇಡವೆನ್ನಬೇಕೆಂದು ತಿಂಗಳ ಪಗಾರ ಎಣಿಸುವ ನಾನು ಹೇಳಬಾರದು. ಎರಡನೆಯ ಪಾಠ, ಕಲೆ ಬಂದದ್ದು ಅಳತೆಯಿಂದ ಹೊರಗುಳಿದ ಚೂರಿನಿಂದ ಎಂಬುದು. ಅಳತೆ ಹೊಟ್ಟೆಗೆ ಹಾಕಿತು. ಚೂರು ಅವರದೇ ಆಗಿ ಉಳಿಯಿತು.

ಇನ್ನು ನಮ್ಮ ಮನೆಯ ಸಂಗತಿ. ತೆನಿ ತುಂಡಾದ ದಿನ ಯಂತ್ರ ಮೂಲೆ ಸೇರಿತೆಂದೇ ನಾವು ತಿಳಿದಿದ್ದೆವು. ಮರುದಿನ ಮಧ್ಯಾಹ್ನ ಶಾಲೆಯಿಂದ ಬಂದು ನೋಡಿದರೆ ಅವ್ವ ಯಂತ್ರದ ಮುಂದೆ ಕೂತಿದ್ದಳು. ಮೊಮ್ಮಗಳು, "ದೊಡ್ಡವ್ವ, ಅಜ್ಜಿ ಒಂದ ಪದರ ಹಾಕಾಕತ್ತಾಳ. ಹಿಂಗಾದ್ರ ತಿಂಗಳ ಬೇಕು" ಎಂದು ನಕ್ಕಳು. ಅವ್ವ ಒಂದು ಸೀರೆಯನ್ನು ಅಚ್ಚಿನ ಮೇಲೆ ಹರವಿ, ಹಿಂದೆ ಮುಂದೆ ಸರಿಸಿ, ಸವೆದದ್ದನ್ನು ಅಲಗಿನಿಂದ ಹೊರಗಿಟ್ಟು, ಹೂವು ನಡುವೆ ಬರುವಂತೆ ನೋಡಿ, ಆಮೇಲೆ ಅಂಗೈಯಿಂದ ಹಿಡಿಕೆ ತಳ್ಳುತ್ತಿದ್ದಳು. ಒಂದು ಪದರಿನ ಲೆಕ್ಕದಲ್ಲಿ 315 ಚೌಕಗಳಿಗೆ 158 ಸಲ ತಿರುವಬೇಕು. "ತಿಂಗಳ ಆಗ್ಲಿ, ನನಗೇನ ಸಾಲಿ ಐತೇನು?" ಎಂದಳು.

ನನಗೆ ಆಗ ವಿಷಯ ಸ್ಪಷ್ಟವಾಯಿತು. ಕಣ್ಣು ಕಳೆದದ್ದು ಅಚ್ಚಿನಿಂದಲ್ಲ, ಆರು ಪದರಿನಿಂದ. ಆರು ಪದರು ಇಟ್ಟಾಗ ಮೇಲಿನ ಒಂದು ಮಾತ್ರ ಕಾಣುತ್ತದೆ. ಉಳಿದ ಐದನ್ನು ನಾವು ನೋಡದೆಯೇ ಕತ್ತರಿಸುತ್ತೇವೆ. ಯಂತ್ರದ ವೇಗವೆಲ್ಲ ಆ ಕಾಣದ ಐದು ಪದರುಗಳಲ್ಲಿದೆ. ವೇಗ ಬೇಕೆಂದರೆ ಆಯ್ಕೆ ಬಿಡಬೇಕು. ಆಯ್ಕೆ ಬೇಕೆಂದರೆ ವೇಗ ಬಿಡಬೇಕು. ಒಂದೇ ಪದರು ಇಟ್ಟರೆ ಯಂತ್ರ ಬರಿಯ ಕತ್ತರಿಯಾಗುತ್ತದೆ, ನೋಯುವ ಕೈಗೆ ಒಗ್ಗುವ ಕತ್ತರಿ. ಇದನ್ನು ಮಾರುವವರು ಮೊದಲು ಹೇಳುವುದು ವೇಗವನ್ನು. ಅವ್ವನಿಗೆ ಬೇಕಾದದ್ದು ಅದಲ್ಲ. ಬೆರಳು ಮಾಡಲಾರದ್ದನ್ನು ಮಾಡಿಕೊಡುವ ಒಂದು ಹಿಡಿಕೆ.

ಕೌದಿ ಮುಗಿಯಲು ಎರಡೂವರೆ ತಿಂಗಳು ಹಿಡಿಯಿತು. ಕತ್ತರಿಕೆ ಪೂರಾ ಅವ್ವನದು. ದಾರ ಎಳೆಯಲು ನಾನು, ತಂಗಿ, ಪಕ್ಕದ ಮನೆಯ ಇಬ್ಬರು ಕೈಗೂಡಿಸಿದೆವು. ಅಚ್ಚು ಹೊಲಿಗೆಗೆಂದು ಬಿಟ್ಟ ಕಾಲು ಇಂಚನ್ನು ಅವ್ವ ನಮ್ಮ ರೀತಿಯಲ್ಲಿ ಒಳಕ್ಕೆ ಮಡಚಿಸಿ, ಚೌಕಗಳನ್ನು ಧೋತರದ ಮೇಲೆ ಕೂಡಿಸಿದಳು. ಈಗ ಅದನ್ನು ಓಣಿಯ ಅಳತೆಗೋಲಿನಿಂದ ನೋಡುತ್ತೇನೆ. ಬಣ್ಣ ಹೊಂದಿದೆ, ಕೆಂಪು ದಡಿಯ ಪಕ್ಕಕ್ಕೆ ಕಪ್ಪು ಇಲಕಲ್ಲ, ಅದರ ಪಕ್ಕಕ್ಕೆ ಬಿಳಿ ಎಂಬ ಲೆಕ್ಕ ಅವ್ವನ ತಲೆಯಲ್ಲಿ ತಪ್ಪಿಲ್ಲ. ಹೊಲಿಗೆ ಐವರ ಕೈಯದಾದ್ದರಿಂದ ಒಂದು ಮೂಲೆ ಒತ್ತು, ಒಂದು ಮೂಲೆ ಜಾಳು. ಆದರೆ ನಡುವಿನ ಭಾಗದಲ್ಲಿ ಕಣ್ಣು ಬೇಗ ದಣಿಯುತ್ತದೆ. ಎಷ್ಟೇ ಆಯ್ದು ಕತ್ತರಿಸಿದರೂ ಚೌಕದ ಪಕ್ಕ ಚೌಕ ನಿಂತು ದಾರಿ ತೋರಿಸುವುದಿಲ್ಲ. ಅವ್ವನ ಹಳೆಯ ಕೌದಿಗಳಲ್ಲಿ ಒಂದು ಉದ್ದ ಪಟ್ಟಿ ಹಿಡಿದು ಹೊರಟ ಕಣ್ಣು ಇನ್ನೆಲ್ಲೋ ಹೋಗಿ ತಲಪುತ್ತಿತ್ತು. ಇಲ್ಲಿ ಹೊರಟಲ್ಲೇ ನಿಲ್ಲುತ್ತದೆ. ಅವ್ವನೂ ದಾಕ್ಷಿಣ್ಯ ತೋರಿಸಲಿಲ್ಲ. "ಫರಸಿ ಹಾಸಿದಂಗ ಆಗೈತಿ" ಎಂದಳು. ಮೊಮ್ಮಗಳ ಮುಖ ಸಣ್ಣದಾದುದನ್ನು ಕಂಡು, "ಆದ್ರ ಬೆಚ್ಚಗೈತವಾ" ಎಂದು ಸೇರಿಸಿದಳು.

ಆ ಕೌದಿಯಲ್ಲಿ ನಾನು ಪೂರ್ಣ ಅಂಕ ಕೊಡುವ ಭಾಗ ಒಂದಿದೆ. ಅಚ್ಚಿನಿಂದ ಹೊರಬಿದ್ದ ಪಟ್ಟಿ, ಚೂರು, ಮೊದಲ ದಿನ ತುಂಡಾದ ತೆನಿಗಳು, ಎಲ್ಲವನ್ನೂ ಅವ್ವ ಒಂದು ಬುಟ್ಟಿಯಲ್ಲಿ ಹಾಕಿಟ್ಟಿದ್ದಳು. ಕೊನೆಗೆ ಅವುಗಳಿಂದ ನಾಲ್ಕೂ ಬದಿಗೆ ಗೇಣು ಅಗಲದ ಅಂಚು ಕಟ್ಟಿಸಿದಳು. ಅಲ್ಲಿ ಒಂದು ಚೂರು ಬೆರಳಗಲ, ಒಂದು ಅಂಗೈಯಗಲ, ಒಂದು ಓರೆ, ಒಂದು ಡೊಂಕು. ತುಂಡಾದ ತೆನಿಗಳ ತಲೆಯನ್ನು ಬುಡಕ್ಕೆ ಕೂಡಿಸದೆ, ತಲೆಗಳನ್ನೆಲ್ಲ ಒಂದು ಬದಿಗೆ, ಬುಡಗಳನ್ನು ಎದುರು ಬದಿಗೆ ಇಡಿಸಿದ್ದಾಳೆ. ಗೀಸ್ ಬೆಂಡಿನ ಹೆಸರನ್ನು ಆಕೆ ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ಚೂರನ್ನು ಬಿಸಾಡಬಾರದೆಂಬುದು ಎರಡೂ ಊರಿನ ಹೆಂಗಸರಿಗೆ ಗೊತ್ತಿದ್ದ ಮಾತು.

ಹೀಗೆ ನೋಡಿದಾಗ ನನ್ನ ತೀರ್ಮಾನ ಇಷ್ಟು. ಥಾನು ಅರಿವೆಯಿಂದ ಅಂಗಡಿಗೆ ಹೊಲಿಯುವವರು ಆರು ಪದರು ಹಾಕಲಿ, ಅವರ ದಿನದ ಕೂಲಿ ಹೆಚ್ಚಲಿ. ಆದರೆ ಆ ಚೂರುಗಳ ಮೇಲಿನ ಹಕ್ಕನ್ನು ಅವರು ಯಾರಿಗೂ ಬಿಟ್ಟುಕೊಡದಿರಲಿ. ಉಟ್ಟ ಸೀರೆಯಿಂದ ಮನೆಗೆ ಕೌದಿ ಹೊಲಿಯುವವರು, ಕೈ ಗಟ್ಟಿ ಇರುವವರೆಗೆ, ಅಚ್ಚನ್ನು ಕೊಳ್ಳದಿದ್ದರೆ ನಷ್ಟವೇನಿಲ್ಲ. ಕೈ ಸೋತವರು ಕೊಳ್ಳಲಿ, ಒಂದೇ ಪದರು ಹಾಕಲಿ. ಮೊಮ್ಮಗಳು ಈ ಸಲ ಫೋನಿನಲ್ಲಿ ತ್ರಿಕೋನದ ಅಚ್ಚು ಕಳಿಸಲೇ ಎಂದು ಕೇಳಿದಾಗ ಅವ್ವ ಬೇಡವೆಂದಳು. "ಬರೇ ಉದ್ದ ಪಟ್ಟಿ ಕತ್ತರಸೋದಿದ್ರ ಕಳಸು" ಎಂದಳು. ಪಟ್ಟಿಯ ಅಚ್ಚೂ ಸಿಗುತ್ತದಂತೆ. ಟ್ರಂಕಿನಲ್ಲಿ ಇನ್ನೂ ಒಂಬತ್ತು ಸೀರೆಗಳಿವೆ.